ಮುಳ್ಳುಬೇಲಿಗೆ ಬಾಗಿಲಿರಲಿಲ್ಲ

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಮೈಸೂರಿನವಳು. ಇಲ್ಲಿಯ ಮಾದಾಪುರದ ಕಂಪ್ಯೂಟರ್ ಕೆಲಸ ಸಾಕಾಗಿ, ಇನ್ನು ಮೇಲೆ ಗಿಡಮರಗಳ ನಡುವೆ ಇರುತ್ತೇನೆ ಎಂದು ಈ ನೌಕರಿ ಹಿಡಿದಿದ್ದಾಳೆ. "ಮೇಡಂ, ಕಾಡಿನ ಮ್ಯಾನೇಜರ್ ಆದವರು ಮೊದಲು ಏನು ಕಲೀಬೇಕು? ಮರಗಳ ಹೆಸರಾ?" ಎಂದು ಕೇಳಿದಳು. ನನಗೆ ನಗು ಬಂತು. ಮರಗಳ ಹೆಸರು ಒಂದು ಮಳೆಗಾಲದಲ್ಲಿ ಬಾಯಿಗೆ ಬರುತ್ತವೆ. ಟ್ರಸ್ಟಿಗಳ ಹೆಸರನ್ನು ಯಾವ ಕ್ರಮದಲ್ಲಿ ಹೇಳಬೇಕು, ಯಾರ ಪಕ್ಕ ಯಾರನ್ನು ಕೂರಿಸಬಾರದು, ಯಾರ ಚಹಾಕ್ಕೆ ಸಕ್ಕರೆ ಹಾಕದೆ ಹಾಕಿದೆ ಎನ್ನಬೇಕು, ಇದನ್ನು ಕಲಿಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ಅವಳು ಫೋನಿನಲ್ಲಿ ಇನ್ನೂ ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ಉತ್ತರ ಬರೆದು ಕಳಿಸುತ್ತೇನೆ ಎಂದು ಫೋನ್ ಇಟ್ಟೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸಿಹಿಯಾಗಿ ಬರೆಯುವ ಉದ್ದೇಶ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಸರ್ಕಾರದ ಅರಣ್ಯವಲ್ಲ. ಈ ತೆಲುಗು ಮಹಾನಗರದ ನಾಚಾರಂ ಕಾರ್ಖಾನೆಗಳ ಬೆನ್ನಿಗೆ ಬಂಡೆಗಲ್ಲು, ಜಾಲಿ, ಸೀತಾಫಲದ ಪೊದೆ ತುಂಬಿದ್ದ ಬೀಳು ನೆಲ. ಕಸ ಸುರಿಯುವವರಿಗೂ ಕಲ್ಲು ಒಡೆಯುವವರಿಗೂ ಅದರ ಮೇಲೆ ಕಣ್ಣಿತ್ತು. ಸುತ್ತಲಿನ ಕಾಲೊನಿಗಳ ಜನ ಸೇರಿ ಟ್ರಸ್ಟ್ ಮಾಡಿಕೊಂಡು, ಓಡಾಡಿ, ಅದನ್ನು ಗುತ್ತಿಗೆಗೆ ಪಡೆದು ಕಾಡು ಎಂದು ಕರೆದರು. ಟ್ರಸ್ಟಿಗಳಲ್ಲಿ ಹೆಚ್ಚಿನವರು ಕೇಂದ್ರ ಸರ್ಕಾರದ ಕಾರ್ಖಾನೆಗಳಿಂದ ನಿವೃತ್ತರಾದ ದೊಡ್ಡ ಅಧಿಕಾರಿಗಳು. ಅರ್ಧ ಜನ ನಮ್ಮ ಕಡೆಯ ಕನ್ನಡದವರು, ಅರ್ಧ ಜನ ಇಲ್ಲಿಯ ತೆಲುಗರೇ. ಹಾಗಾಗಿ ಸಭೆ ತೆಲುಗಿನಲ್ಲಿ ಶುರುವಾಗಿ, ಜಗಳ ಹಿಂದಿಯಲ್ಲಿ ನಡೆದು, ನಡಾವಳಿ ಇಂಗ್ಲಿಷಿನಲ್ಲಿ ದಾಖಲಾಗಿ, ರಾಜಿ ಮಾತ್ರ ಕನ್ನಡದಲ್ಲಿ ಆಗುತ್ತಿತ್ತು. ನಾನು ನಾಲ್ಕೂ ಭಾಷೆಯಲ್ಲಿ ಬೈಸಿಕೊಂಡಿದ್ದೇನೆ.

ನನ್ನನ್ನು ಈ ಕೆಲಸಕ್ಕೆ ಕರೆತಂದವರು ಕಮಲಾಬಾಯಿ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತೇವೆ. ಇಲ್ಲಿಯ ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು ಅವರು. ಟ್ರಸ್ಟಿನ ತೆಲುಗು ಜನರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಟ್ರಸ್ಟ್ ಹುಟ್ಟಿದ್ದೇ ಅವರ ಹಟದಿಂದ. ನಾನು ಸನತ್‌ನಗರದ ಕಾರ್ಮಿಕರ ಮನೆಗಳಲ್ಲಿ ಬೆಳೆದವಳು, ಬಾಗಲಕೋಟೆಯಿಂದ ಬಂದ ಫಿಟ್ಟರನ ಮಗಳು, ಅವರದೇ ಶಾಲೆಯ ವಿದ್ಯಾರ್ಥಿನಿ. ನಾನು ಲೆಕ್ಕಪತ್ರ ಬರೆಯುತ್ತಿದ್ದ ಪಂಪಿನ ಕಾರ್ಖಾನೆ ಮುಚ್ಚಿದ ವಾರದಲ್ಲಿ ಅವರು ಮನೆಗೆ ಬಂದರು. "ಕುರ್ಚಿ ಮ್ಯಾಲ ಕುಂತು ಕುಂತು ಬೆನ್ನು ಬಾಗೈತಿ ನಿಂದು. ಬಾ ಸುನಂದಾ, ಕಾಡು ಕಾಯಾಕ ಬಾ" ಎಂದರು. ಪಗಾರ ಎಷ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಕ್ಕೋರ ಮುಂದೆ ಯಾರಿಗೂ ಆಗುತ್ತಿರಲಿಲ್ಲ.

ಕಾಡಿನ ನಡುಭಾಗವನ್ನು ನಾವು ನಡುಗಾಡು ಎನ್ನುತ್ತಿದ್ದೆವು. ಬಂಡೆಗಳ ನಡುವೆ ಮಳೆನೀರು ನಿಲ್ಲುವ ಒಂದು ತಗ್ಗು, ಸುತ್ತ ಮುತ್ತುಗ, ಬೋರೆ, ಹೆಸರಿಲ್ಲದ ಪೊದೆಗಳು. ಅಲ್ಲಿಗೆ ಯಾರೂ ಕಾಲಿಡಬಾರದು ಎಂಬುದು ಟ್ರಸ್ಟಿನ ಮೊದಲ ನಿಯಮ. ಹೊರಗಿನ ಸುತ್ತಿನಲ್ಲಿ ಜನ ನಡೆಯಲಿ, ಮಕ್ಕಳು ಕುಣಿಯಲಿ, ನಡುಗಾಡಿಗೆ ಮಾತ್ರ ಪ್ರೆಸಿಡೆಂಟರೂ ಹೋಗುವಂತಿಲ್ಲ. ಅದರ ಸುತ್ತ ಮುಳ್ಳುಬೇಲಿ. ಸಂಕ್ರಾಂತಿಯ ನಂತರದ ಭಾನುವಾರ ಟ್ರಸ್ಟಿಗಳೆಲ್ಲ ಬಂದು ತಮ್ಮ ಕೈಯಾರೆ ಆ ಬೇಲಿ ಹಾಕಬೇಕು. ಬಳ್ಳಾರಿ ಜಾಲಿಯ ಟೊಂಗೆ ಕಡಿದು, ಬುಡ ಒಳಕ್ಕೆ ತುದಿ ಹೊರಕ್ಕೆ ಮಾಡಿ ಒಂದರ ಮೇಲೊಂದು ಹೆಣೆದು, ಕವೆಗೋಲಿನಿಂದ ಒತ್ತಿ, ಮೇಲೆ ಕಲ್ಲು ಹೇರಬೇಕು. ಬೇಲಿಗೆ ಕೈಹಚ್ಚದ ಟ್ರಸ್ಟಿಗೆ ಆ ವರ್ಷ ಸಭೆಯಲ್ಲಿ ಕುರ್ಚಿಯಿಲ್ಲ. ಬಂದು ಕೇಳಬಹುದು, ಮಾತಾಡುವಂತಿಲ್ಲ. ಇದು ಅಕ್ಕೋರೇ ಮಾಡಿದ ಕಾನೂನು.

ನಾನು ಬಂದ ಹೊಸದರಲ್ಲಿ ಖಜಾಂಚಿ ಡಾಕ್ಟರು ಕೇಳಿದ್ದರು, ವರ್ಷ ವರ್ಷ ಈ ತಾಪತ್ರಯವೇಕೆ, ಒಮ್ಮೆ ತಂತಿ ಹಾಕಿಸಿದರೆ ಮುಗಿಯಿತಲ್ಲ ಎಂದು. ಅಕ್ಕೋರು ಕೈಯಲ್ಲಿದ್ದ ಟೊಂಗೆಯನ್ನು ಕೆಳಗಿಡದೆ ಹೇಳಿದರು:

"ತಂತಿ ಹಾಕಿದ್ರ ಹಾಕಿದವರು ಮರತುಬಿಡ್ತಾರ, ಡಾಕ್ಟರ. ಮುಳ್ಳು ವರ್ಷದಾಗ ಗೆದ್ದಲು ತಿಂತೈತಿ. ಮತ್ತ ಹಾಕಬೇಕಾದ್ರ ಯಾಕ ಹಾಕಬೇಕು ಅಂತ ಮತ್ತ ವಿಚಾರ ಮಾಡಬೇಕಾಗ್ತೈತಿ."

"ಒಳಗೆ ಬೆಂಕಿ ಬಿದ್ದರೆ? ಹೋಗುವುದು ಹೇಗೆ?"

"ಟೊಂಗಿ ಎಳದು ಹೋಗ್ರಿ. ಕೈಗೆ ಚುಚ್ಚತೈತಿ. ಚುಚ್ಚಿಸಿಕೊಳ್ಳುವಷ್ಟು ಜರೂರ ಇದ್ರ ಹೋಗ್ರಿ."

ಆಡಳಿತ ಎಂದರೆ ಏನು ಎಂದು ಆಮೇಲೆ ಎಷ್ಟೋ ತರಬೇತಿಗಳಲ್ಲಿ ಎಷ್ಟೋ ಮಂದಿ ನನಗೆ ಪರದೆಯ ಮೇಲೆ ಚಿತ್ರ ಬಿಟ್ಟು ಕಲಿಸಿದರು. ಅಕ್ಕೋರ ಆ ಮಾತಿಗಿಂತ ಹೆಚ್ಚಿನದು ಅವುಗಳಲ್ಲಿ ನನಗೆ ಸಿಗಲಿಲ್ಲ.

ಆ ದಿನಗಳಲ್ಲಿ ಬೇಲಿಯ ಭಾನುವಾರ ಹಬ್ಬದಂತೆಯೇ ಇತ್ತು. ಅಕ್ಕೋರು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗಡಿಗೆ ಮೊಸರು ತರುತ್ತಿದ್ದರು. ಇಡೀ ಕಾರ್ಖಾನೆಯನ್ನು ಹೆದರಿಸಿ ನಿವೃತ್ತರಾದ ಸಾಹೇಬರು ಮುಂಗೈ ತರಚಿಕೊಂಡು, ಪಂಚೆಗೆ ಮುಳ್ಳು ಸಿಕ್ಕಿಸಿಕೊಂಡು, ಒಬ್ಬರ ಬೆನ್ನಿನ ಮುಳ್ಳನ್ನು ಒಬ್ಬರು ಕೀಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದವರು ಪಾಟೀಲ ಸಾಹೇಬರು. ವಿಜಯಪುರ ಕಡೆಯವರು, ದೊಡ್ಡ ಎಂಜಿನಿಯರು, ಚಿಕ್ಕಂದಿನಲ್ಲಿ ಇಲ್ಲಿಯ ಕನ್ನಡ ಶಾಲೆಯಲ್ಲಿ ಅಕ್ಕೋರ ಕೈಯಲ್ಲೇ ಕಲಿತವರು. ಅವರ ಹೆಸರನ್ನು ನೆನಪಿಡಿ. ಈ ಕಥನದಲ್ಲಿ ಕೆಟ್ಟದ್ದನ್ನೆಲ್ಲ ಮಾಡಿದವರು ಅವರೇ, ಮತ್ತು ಅವರಷ್ಟು ಒಳ್ಳೆಯ ಟ್ರಸ್ಟಿ ನಮಗೆ ಇನ್ನೊಬ್ಬರು ಸಿಕ್ಕಿರಲಿಲ್ಲ. ಹೊಸಬರು ಇದನ್ನು ಅರ್ಥಮಾಡಿಕೊಳ್ಳಬೇಕು. ಕಾಡನ್ನು ಕದಿಯಲು ಬಂದವರನ್ನು ನಾನು ಪೊಲೀಸರಿಗೆ ಹಿಡಿದುಕೊಟ್ಟಿದ್ದೇನೆ. ಪ್ರೀತಿಯಿಂದ ಬಂದವರನ್ನು ಯಾರಿಗೆ ಹಿಡಿದುಕೊಡಲಿ?

ಸಭೆಗಳ ಬಗ್ಗೆಯೂ ಒಂದು ಪ್ರಸಂಗ ಹೇಳಬೇಕು, ಇಲ್ಲದಿದ್ದರೆ ನಾನು ಎಂಥವರ ಕೈಕೆಳಗೆ ದುಡಿದೆ ಎಂದು ತಿಳಿಯುವುದಿಲ್ಲ. ಡಾಕ್ಟರಿಗೆ ಒಣಗಿದ ಎಲೆ ಕಂಡರೆ ಆಗದು. ಎಲೆಯ ಕೆಳಗೆ ಹಾವು, ಸೊಳ್ಳೆ, ಜ್ವರ ಎಲ್ಲ ಇವೆ, ದಿನವೂ ಗುಡಿಸಿ ಎಂದು ಅವರ ಹುಕುಂ. ಶಾಲೆಗಳ ಕಾರ್ಯಕ್ರಮ ನೋಡಿಕೊಳ್ಳುವ ಇನ್ನೊಬ್ಬ ಟ್ರಸ್ಟಿಗೆ ಎಲೆ ಬೇಕೇ ಬೇಕು, ಎಲೆ ಕೊಳೆತು ಮಣ್ಣಾಗುವುದನ್ನು ಮಕ್ಕಳಿಗೆ ತೋರಿಸಬೇಕು. ಇಬ್ಬರನ್ನೂ ಬಿಟ್ಟುಕೊಡಲಾಗದೆ ಸಭೆ ಒಂದು ತೀರ್ಮಾನ ಮಾಡಿತು. ನಡೆಯಲು ಬರುವವರಿಗಾಗಿ ಎಲೆ ಗುಡಿಸಿ ಚೀಲ ತುಂಬಿಡುವುದು, ಶಾಲೆಯ ಮಕ್ಕಳು ಬರುವ ದಿನ ಅದೇ ಚೀಲ ಬಿಚ್ಚಿ ಹರಡುವುದು. ನಮ್ಮ ಮಾಲಿ ಯಲ್ಲಯ್ಯ ಬೆಳಿಗ್ಗೆ ಬಂದವನೇ ಪೊರಕೆ ಹಿಡಿದು ನಿಂತು ತೆಲುಗಿನಲ್ಲಿ ಕೇಳುತ್ತಿದ್ದ, "ಅಮ್ಮಾ, ಈ ರೋಜು ಊಡ್ವಾಲಾ, ಪರವಾಲಾ?" ಇವತ್ತು ಗುಡಿಸಬೇಕೋ, ಹರಡಬೇಕೋ? ಮುಖದಲ್ಲಿ ಒಂದಿಷ್ಟೂ ನಗು ಇರುತ್ತಿರಲಿಲ್ಲ. ನಾನೂ ಅಷ್ಟೇ ಗಂಭೀರವಾಗಿ ಆ ದಿನದ ಕಾರ್ಯಕ್ರಮ ನೋಡಿ ಹೇಳುತ್ತಿದ್ದೆ. ಆ ವರ್ಷದ ವರದಿಯಲ್ಲಿ ಇದಕ್ಕೆ ಎಲೆ ನಿರ್ವಹಣಾ ಯೋಜನೆ ಎಂದು ಹೆಸರು ಬಂತು.

ಬೇಲಿಯ ವಿಷಯಕ್ಕೆ ಬರುತ್ತೇನೆ. ವಯಸ್ಸು ಯಾರನ್ನೂ ಬಿಡುವುದಿಲ್ಲ. ಒಬ್ಬರಿಗೆ ಬೆನ್ನು, ಒಬ್ಬರಿಗೆ ಸಕ್ಕರೆ, ಒಬ್ಬರಿಗೆ ಕಣ್ಣಿನ ಆಪರೇಷನ್. ಮೊದಮೊದಲು ಅವರು ಬಂದು ಒಂದು ಟೊಂಗೆ ಮುಟ್ಟಿ ಕೂರುತ್ತಿದ್ದರು. ಆಮೇಲೆ ತಾವು ಕುಳಿತು ಡ್ರೈವರನಿಂದ ಹಾಕಿಸತೊಡಗಿದರು. ಕೊನೆಗೆ ಡ್ರೈವರನನ್ನಷ್ಟೇ ಕಳಿಸಿದರು. ಸಾಹೇಬರ ಡ್ರೈವರ್ ಹಾಕಿದ ಟೊಂಗೆ ಸಾಹೇಬರ ಲೆಕ್ಕಕ್ಕೇ ಎಂದು ಸಭೆ ಒಪ್ಪಿಕೊಂಡಿತು. ಅಕ್ಕೋರು ಒಪ್ಪಲಿಲ್ಲ, ಆದರೆ ಜಗಳವನ್ನೂ ಮಾಡಲಿಲ್ಲ. "ಮುದುಕರಾಗ್ಯಾರ, ಪಾಪ" ಎಂದು ಸುಮ್ಮನಾದರು. ಆ ಪಾಪ ಎನ್ನುವ ಮಾತು ಅವರಿಗೇ ಮುಳುವಾಯಿತು.

ಅದೇ ಹೊತ್ತಿಗೆ ಪಾಟೀಲರು ಪ್ರೆಸಿಡೆಂಟ್ ಆದರು. ಡ್ರೈವರುಗಳ ಜೊತೆಗೆ ಉತ್ಸಾಹಿ ಜನರನ್ನೂ ಕರೆಯೋಣ ಎಂದು ಮಾದಾಪುರದ ಒಂದು ಕಂಪನಿಯ ಹುಡುಗ ಹುಡುಗಿಯರನ್ನು ಸೇವೆಗೆ ಕರೆಸಿದರು. ಬಸ್ಸಿನಲ್ಲಿ ಬಂದಿಳಿದರು, ಎಲ್ಲರಿಗೂ ಒಂದೇ ಬಣ್ಣದ ಅಂಗಿ. ನಮ್ಮ ಬೆಂಗಳೂರು, ಉಡುಪಿ ಕಡೆಯ ಮಕ್ಕಳೂ ಇದ್ದರು, ಒಳ್ಳೆಯವರೇ. ಆದರೆ ಫೋಟೋದಲ್ಲಿ ಮುಖ ಬರಬೇಕಲ್ಲ, ಬೇಲಿಯ ಒಳಗೆ ನಿಂತು ಹೊರಗೆ ಕ್ಯಾಮೆರಾ ಇಟ್ಟು ಹೆಣೆದರು. ಹೇಳಿಕೊಟ್ಟಂತೆ ಬುಡವನ್ನು ತಮ್ಮಿಂದ ಆಚೆಗೇ ಇಟ್ಟಿದ್ದರಿಂದ ಬುಡ ಹೊರಕ್ಕೂ ಮುಳ್ಳು ಒಳಕ್ಕೂ ಆಯಿತು. ಹೆಣೆದು ಮುಗಿದ ಮೇಲೆ ತಾವೆಲ್ಲ ನಡುಗಾಡಿನ ಒಳಗೇ ಉಳಿದಿದ್ದೇವೆ ಎಂಬುದು ಅವರ ಗಮನಕ್ಕೆ ಬಂತು. ಹೊರಬರುವ ಗಡಿಬಿಡಿಯಲ್ಲಿ ಒಬ್ಬ ಹುಡುಗಿಯ ಪಾದಕ್ಕೆ ಮುಳ್ಳು ಮುರಿದುಕೊಂಡಿತು. ಜಾಲಿಮುಳ್ಳಿನ ನಂಜು ಏರಿ ಕಾಲು ಬಾತು, ಆಸ್ಪತ್ರೆಗೆ ಸೇರಿಸಬೇಕಾಯಿತು. ಹುಡುಗಿ ಗುಣವಾದಳು. ಟ್ರಸ್ಟಿಗಳಿಗೆ ಹತ್ತಿದ ಭಯ ಮಾತ್ರ ಗುಣವಾಗಲಿಲ್ಲ.

ಮುಂದಿನ ಸಭೆಗೆ ಪಾಟೀಲರು ಕಬ್ಬಿಣದ ಜಾಲರಿ ಬೇಲಿಯ ನಕ್ಷೆ ತಂದರು. ಹಸಿರು ಬಣ್ಣ, ಕಾಂಕ್ರೀಟ್ ಕಂಬ, ಒಂದು ಗೇಟು. ಆ ಸಭೆಗೆ ಅಕ್ಕೋರು ಊರುಗೋಲಿನ ಮೇಲೆ ಬಂದಿದ್ದರು. ಆ ಸಂಕ್ರಾಂತಿಗೆ ಮುಂಚೆ ಅವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಬೇಲಿಯ ಭಾನುವಾರ ಅವರು ಆಸ್ಪತ್ರೆಯ ಮಂಚದ ಮೇಲಿದ್ದರು. ಅಕ್ಕೋರಿಗೆ ಡ್ರೈವರ್ ಎಲ್ಲಿಂದ ಬರಬೇಕು?

"ಗೇಟ್ ಯಾಕಪ?" ಎಂದು ಅಕ್ಕೋರು ಕೇಳಿದರು.

"ಅಕ್ಕೋರ, ಬೇಲಿ ಅಂದ ಮ್ಯಾಲ ಗೇಟ್ ಬೇಕಲ್ರಿ. ನಿರ್ವಹಣೆಗೆ."

"ಯಾರೂ ಹೋಗಬಾರದ ಜಾಗಕ್ಕ ಏನ್ ನಿರ್ವಹಣೆ? ಮುಳ್ಳಿಗೆ ಬಾಗಲಾ ಇರಲಿಲ್ಲ, ಹೋಗಬೇಕನಸಿದವ ಒಂದು ಸಲ ಕೈ ನೋಡಿಕೊಳ್ತಿದ್ದ. ಗೇಟ್ ಇಟ್ರ ಕೀಲಿ ಬೇಕು. ಕೀಲಿ ಇದ್ದವಂಗ ಯಾವ ಮುಳ್ಳೂ ಚುಚ್ಚಾಂಗಿಲ್ಲ."

ಪಾಟೀಲರು ತಲೆ ತಗ್ಗಿಸಿದರು. ಆಗ ಡಾಕ್ಟರು ನಗುನಗುತ್ತಲೇ ಒಂದು ಮಾತು ಹೇಳಿದರು. ಅಕ್ಕೋರೇ ಮಾಡಿದ ನಿಯಮದ ಪ್ರಕಾರ, ಈ ವರ್ಷ ಬೇಲಿಗೆ ಕೈಹಚ್ಚದವರು ಸಭೆಯಲ್ಲಿ ಕೇಳಬಹುದು, ಮಾತಾಡುವಂತಿಲ್ಲ, ಅಲ್ಲವೇ ಎಂದರು. ಹಾಸ್ಯಕ್ಕೇ ಅಂದಿರಬೇಕು. ಇಬ್ಬರು ನಕ್ಕರು. ಅಕ್ಕೋರು ನಗಲಿಲ್ಲ. ಡ್ರೈವರುಗಳನ್ನು ಕಳಿಸಿದ್ದವರೆಲ್ಲ ತಮ್ಮ ತಮ್ಮ ಕುರ್ಚಿಯಲ್ಲಿ ಭದ್ರವಾಗಿ ಕೂತಿದ್ದರು. ಅಕ್ಕೋರು ಅವರನ್ನು ಒಮ್ಮೆ ನೋಡಿ, "ಖರೇ ಐತಿ. ನಿಯಮ ನಿಯಮಾನ" ಎಂದು ಊರುಗೋಲು ಊರಿ ಎದ್ದು ಗೋಡೆಯ ಬದಿಯ ಬೆಂಚಿನ ಮೇಲೆ ಕೂತುಬಿಟ್ಟರು. ಯಾರಾದರೂ "ಅಕ್ಕೋರ, ಬರ್ರಿ" ಎನ್ನುತ್ತಾರೆ ಎಂದು ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಮ್ಯಾನೇಜರಿಗೆ ಸಭೆಯಲ್ಲಿ ಬಾಯಿ ಇಲ್ಲ, ಆದರೂ ನಾನೇ ಎದ್ದು ಹೇಳಿದೆ, ಇದು ಅನ್ಯಾಯ, ಆಸ್ಪತ್ರೆಯಲ್ಲಿದ್ದವರಿಗೆ ಈ ನಿಯಮ ಹಚ್ಚುವುದು ನಾಚಿಕೆಗೇಡು ಎಂದು. ಪಾಟೀಲರು ನೊಂದ ದನಿಯಲ್ಲಿ, "ಸುನಂದಾಬಾಯಿ, ನೀವು ನಡಾವಳಿ ಬರೀರಿ" ಎಂದರು. ಬೇಲಿ ಸರ್ವಾನುಮತದಿಂದ ಮಂಜೂರಾಯಿತು. ಸರ್ವಾನುಮತ ಎಂಬ ಆ ಪದವನ್ನು ನಾನೇ ಬರೆದೆ. ಇವತ್ತಿಗೂ ಅದನ್ನು ಎಲ್ಲಿ ಕಂಡರೂ ಮೈ ಉರಿಯುತ್ತದೆ.

ಗೇಟಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಒಂದು ತಿಂಗಳು ಯಾರೂ ಕೇಳಲಿಲ್ಲ. ಆಮೇಲೆ ಒಬ್ಬ ಟ್ರಸ್ಟಿ, ತಮ್ಮ ಅಳಿಯ ಹಕ್ಕಿಗಳ ಫೋಟೋ ತೆಗೆಯುವವನು, ಹತ್ತೇ ನಿಮಿಷ ಎಂದರು. ನಾನು ಕೊಡಲಿಲ್ಲ. ಇನ್ನೊಬ್ಬರ ಮನೆಗೆ ಪರದೇಶದ ಅತಿಥಿಗಳು ಬಂದರು. ಕೊಡಲಿಲ್ಲ. ಮೂರನೆಯ ಸಲ ಪಾಟೀಲರು ಅತ್ಯಂತ ಮರ್ಯಾದೆಯಿಂದ, "ನಿಮಗ್ಯಾಕ ಈ ತ್ರಾಸ, ಎಲ್ಲರೂ ನಿಮ್ಮನ್ನ ಬೈಯಾಕತ್ಯಾರ. ಕೀಲಿ ನನ್ನ ಕಡೆ ಇರಲಿ" ಎಂದು ಇಸಕೊಂಡರು. ಅವರು ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಅವರ ಕೈಯಲ್ಲಿ ಕೀಲಿ ಇರುವುದೂ ಒಂದೇ, ಗೇಟ್ ತೆರೆದಿರುವುದೂ ಒಂದೇ.

ಅಕ್ಕೋರು ಅಷ್ಟರಲ್ಲಿ ಗಾಲಿಕುರ್ಚಿ ಹಿಡಿದಿದ್ದರು. ಕಾಡಿಗೆ ಬರಲಾಗುತ್ತಿರಲಿಲ್ಲ. ದಿನವೂ ಬೆಳಿಗ್ಗೆ ನನಗೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದರು, "ಕೂಗಿತೇನ?" ನಡುಗಾಡಿನ ತಗ್ಗಿನ ಬಳಿ ಕೌಜುಗಗಳಿದ್ದವು, ನೆಲದ ಮೇಲೆಯೇ ಗೂಡು ಮಾಡುವ ಹಕ್ಕಿ. ಬೆಳಿಗ್ಗೆ ಒಂದು ಕೂಗಿದರೆ ಇನ್ನೊಂದು ದನಿಗೂಡಿಸಿ ಇಡೀ ಕಾಡನ್ನು ಎಬ್ಬಿಸುತ್ತಿದ್ದವು. "ಕೂಗಿದವ್ರಿ" ಎಂದರೆ ಅಕ್ಕೋರು ಫೋನ್ ಇಡುತ್ತಿದ್ದರು. ಅವರಿಗೆ ನಡುಗಾಡು ಸುರಕ್ಷಿತವಾಗಿದೆ ಎಂಬುದಕ್ಕೆ ಅಷ್ಟೇ ಸಾಕ್ಷಿ ಸಾಕಿತ್ತು.

ಒಂದು ದಿನ "ಇಲ್ರಿ, ಕೂಗಲಿಲ್ಲ" ಎನ್ನಬೇಕಾಯಿತು. "ನಾಳೆ ಕೂಗತಾವ ಬಿಡು" ಎಂದು ಅಕ್ಕೋರು ಫೋನ್ ಇಟ್ಟರು. ಗೇಟಿನೊಳಕ್ಕೆ ಟೈಲ್ಸು, ಸಿಮೆಂಟು, ಜಲ್ಲಿ ಹೋಗುತ್ತಿದ್ದವು. ಪಾಟೀಲರು ನನ್ನನ್ನು ಕರೆದು ಕಣ್ಣು ಅರಳಿಸಿ ಗುಟ್ಟು ಹೇಳಿದ್ದರು. ಅಕ್ಕೋರ ಹುಟ್ಟುಹಬ್ಬಕ್ಕೆ ನಡುಗಾಡಿನ ಮಧ್ಯದಲ್ಲಿ ಅವರ ಹೆಸರಿನ ಧ್ಯಾನಕಟ್ಟೆ. ಗಾಲಿಕುರ್ಚಿ ಸಲೀಸಾಗಿ ಹೋಗುವಂತೆ ಅಲ್ಲಿಯವರೆಗೆ ಟೈಲ್ಸಿನ ದಾರಿ. "ಜೀವನಪೂರ್ತಿ ಅದನ್ನ ಕಾದರು, ಒಮ್ಮೆನೂ ಒಳಗ ಹೋಗಿ ಕೂಡಲಿಲ್ಲ. ಅವರನ್ನ ಅಲ್ಲಿ ಕೂಡಸ್ಬೇಕು, ಸುನಂದಾಬಾಯಿ. ಅವರಿಗೆ ಹೇಳಬ್ಯಾಡ್ರಿ ಮತ್ತ, ನೋಡಿದ ಮ್ಯಾಲ ಅವರ ಮಾರಿ ಮ್ಯಾಲ ನಗಿ ನೋಡಬೇಕು ನಾವು." ಬಂಡೆಗಳ ನಡುವೆ ಸಮತಟ್ಟಾದ ಜಾಗ ಒಂದೇ ಇತ್ತು, ನೀರು ನಿಲ್ಲುವ ಆ ತಗ್ಗು. ಅದನ್ನು ಮಣ್ಣು ತುಂಬಿಸಿ ಮಟ್ಟ ಮಾಡಿದ್ದರು. ನಾನು ಅಲ್ಲೇ ನಿಂತು ಹೇಳಿದೆ, ಸಾಹೇಬ್ರ, ಅಕ್ಕೋರಿಗೆ ಇದು ಬೇಡ, ಇದನ್ನು ನೋಡಿದರೆ ಅವರ ಜೀವ ಹೋಗುತ್ತದೆ. "ನಿಮಗ ಅಕ್ಕೋರ ಮನಸ್ಸು ತಿಳಿಯಂಗಿಲ್ಲ" ಎಂದರು.

ಆ ದಿನವೇ ಅಕ್ಕೋರ ಮನೆಗೆ ಹೋದೆ. ಗುಟ್ಟು ಹಾಳಾದರೆ ನನ್ನ ನೌಕರಿ ಹೋಗಬಹುದಿತ್ತು, ಹೋಗಲಿ ಎಂದುಕೊಂಡೇ ಹೋಗಿದ್ದೆ. ಎಲ್ಲ ಹೇಳಿದೆ. ಫೋನಿನಲ್ಲಿ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ ಇಳಿಸಿ ನೋಡಿ, "ಇದು ಹೊರಗಿನ ದಾರಿ ಇರಬೇಕು ತಗಿ" ಎಂದರು. ನಂಬಲು ಮನಸ್ಸಿಲ್ಲದವರಿಗೆ ಫೋಟೋ ಏನು ಮಾಡೀತು? ನನ್ನ ಒತ್ತಾಯಕ್ಕೆ ಪಾಟೀಲರಿಗೆ ಫೋನ್ ಹಚ್ಚಿದರು, ನನಗೂ ಕೇಳುವಂತೆ ದನಿ ದೊಡ್ಡದು ಮಾಡಿ.

"ನಡುಗಾಡಿನ್ಯಾಗ ಏನರೆ ಕಟ್ಟಾಕತ್ತೀಯೇನಪ?"

"ಅಯ್ಯ ಅಕ್ಕೋರ! ಯಾರ್ ಹೇಳಿದ್ರು? ಏನೂ ಇಲ್ರಿ, ಹೊರಗಿನ ದಾರಿ ದುರಸ್ತಿ ನಡದೈತಿ. ಸುನಂದಾಬಾಯಿಗೆ ಎಲ್ಲಾದ್ರಾಗೂ ಅನುಮಾನ ನೋಡ್ರಿ." ಎಂದು ನಕ್ಕರು. ಆ ನಗುವಿನಲ್ಲಿ ಕಪಟವಿರಲಿಲ್ಲ. ಹಬ್ಬಕ್ಕೆ ತಂದ ಸೀರೆಯನ್ನು ತಾಯಿಗೆ ತೋರಿಸದೆ ಬಚ್ಚಿಡುವ ಮಗನ ನಗು ಅದು.

ಅಕ್ಕೋರು ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ನೋಡಿದೇನ? ಅಂವಾ ನನ್ನ ಹುಡುಗ. ಮೂರನೇ ಇಯತ್ತೆದಾಗ ಒಮ್ಮೆ ಸುಳ್ಳು ಹೇಳಿ ನನ್ನ ಕಡೆ ಪೆಟ್ಟು ತಿಂದಾನ, ಆಮ್ಯಾಲ ನನ್ನ ಮುಂದ ಸುಳ್ಳು ಹೇಳಾಂಗಿಲ್ಲ. ಇಷ್ಟು ವರ್ಷ ನನ್ನ ಜೋಡಿ ಮುಳ್ಳು ಹೊತ್ತವ. ಅವನ ಮ್ಯಾಲ ಚಾಡಿ ಹೇಳಬ್ಯಾಡ ಸುನಂದಾ, ನಿನಗ ಒಪ್ಪಾಂಗಿಲ್ಲ ಅದು." ಅವರು ನನ್ನನ್ನು ಗದರಿಸಿದ್ದು ಅದೇ ಮೊದಲು, ಅದೇ ಕೊನೆ. ನಾನು ಅಳುತ್ತ ಮೆಟ್ಟಿಲು ಇಳಿದೆ. ನೌಕರಿ ಮಾತ್ರ ಹೋಗಲಿಲ್ಲ. ಪಾಟೀಲರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಶಾಮಿಯಾನ, ಹೂವಿನ ಕಮಾನು, ಮೈಕು. ಪಾಟೀಲರು ಡಾಕ್ಟರರನ್ನೂ ದೂರ ಸರಿಸಿ ತಾವೇ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಅಕ್ಕೋರು ಇಳಕಲ್ ಸೀರೆ ಉಟ್ಟಿದ್ದರು. ಹೊರಸುತ್ತಿನ ಮರಗಳನ್ನು ನೋಡುತ್ತ, ಹಳಬರನ್ನು ಮಾತಾಡಿಸುತ್ತ ಖುಷಿಯಾಗಿಯೇ ಬಂದರು. ಹಸಿರು ಗೇಟಿನ ಮುಂದೆ ಕುರ್ಚಿ ನಿಂತಿತು. ಗೇಟ್ ತೆರೆಯಿತು. ಕೆಂಪು ಟೈಲ್ಸಿನ ದಾರಿ, ಅದರ ಕೊನೆಗೆ ಕಲ್ಲಿನ ದುಂಡು ಕಟ್ಟೆ, ಮೂರು ಭಾಷೆಯಲ್ಲಿ ಅವರ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಕ್ಕೋರು ಕಟ್ಟೆಯ ಸುತ್ತ ಕಣ್ಣಾಡಿಸಿದರು. ಆಮೇಲೆ ಶಾಲೆಯ ದನಿಯಲ್ಲಿ ಕೇಳಿದರು, "ನೀರಿನ ತಗ್ಗು ಎಲ್ಲೈತಿ?"

"ಅದರ ಮ್ಯಾಲನ ಕಟ್ಟೀವ್ರಿ ಅಕ್ಕೋರ. ಭದ್ರ ಬುನಾದಿ" ಎಂದರು ಪಾಟೀಲರು. ಅವರ ಕಣ್ಣು ತುಂಬಿದ್ದವು. "ಬರ್ರಿ, ನಿಮ್ಮ ಕಟ್ಟಿ ಮ್ಯಾಲ ಕೂಡ್ರಿ."

"ಕುರ್ಚಿ ಹಿಂದ ತಿರುಗಸು."

"ಅಕ್ಕೋರ?"

"ಒಳಗ ಯಾರೂ ಹೋಗಬಾರದು ಅಂತ ಹೇಳಿದಾಕಿ ನಾನು. ನಾನ ಹೆಂಗ ಹೋಗಲಿ? ತಿರುಗಸು, ಸುನಂದಾ, ನೀ ಬಾ."

ನಾನು ಹೋಗಿ ಕುರ್ಚಿ ತಿರುಗಿಸಿದೆ. ಪಾಟೀಲರು ಹಿಡಿಕೆ ಬಿಟ್ಟುಕೊಡಲು ಒಂದು ಗಳಿಗೆ ತಡೆದರು. ಹಿಂದಿನಿಂದ ಮೈಕಿನಲ್ಲಿ ಯಾರೋ, ಅಕ್ಕೋರಿಗೆ ಆಯಾಸವಾಗಿದೆ, ಕಾರ್ಯಕ್ರಮ ಮುಂದುವರಿಯುತ್ತದೆ ಎಂದರು. ಕಾರಿನ ಬಳಿ ಬಂದ ಮೇಲೆ ಅಕ್ಕೋರು ನನ್ನ ಕೈ ಹಿಡಿದು, "ನೀ ಹೇಳಿದ್ದಿ. ನಾ ಕೇಳಲಿಲ್ಲ" ಎಂದರು. ಆಮೇಲೆ ಮಗುವಿನಂತೆ ಅತ್ತರು. ಅಷ್ಟು ಗಟ್ಟಿ ಹೆಂಗಸು ಅಳುವುದನ್ನು ನೋಡಿ ನನಗೆ ಆ ಕಟ್ಟೆಯ ಕಲ್ಲನ್ನು ಹಲ್ಲಿನಿಂದಾದರೂ ಕೀಳಬೇಕು ಎನ್ನಿಸಿತು.

ಮರುದಿನ ಬೆಳಿಗ್ಗೆ ಅವರ ಫೋನ್ ಬರಲಿಲ್ಲ. ಮತ್ತೆಂದೂ ಬರಲಿಲ್ಲ, ಕೂಗಿತೇನ ಎಂದು ಕೇಳಲು ಏನೂ ಉಳಿದಿರಲಿಲ್ಲ. ಅವರು ಟ್ರಸ್ಟಿಗೆ ರಾಜೀನಾಮೆ ಕೊಟ್ಟರು. ಸಭೆ ಅದನ್ನು ವಿಷಾದದಿಂದ ಅಂಗೀಕರಿಸಿ, ಅವರ ಸೇವೆಯನ್ನು ಸ್ಮರಿಸಿ, ಒಂದು ಶಾಲು ಕಳಿಸಿತು. ಶಾಲು ತೆಗೆದುಕೊಂಡು ಹೋದವಳು ನಾನೇ. ಅಕ್ಕೋರು ಅದನ್ನು ಯಲ್ಲಯ್ಯನಿಗೆ ಕೊಡು ಎಂದರು. ಮುಂದಿನ ಮಳೆಗಾಲ ಬರುವ ಹೊತ್ತಿಗೆ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯನ್ನು ಆ ಕಟ್ಟೆಯ ಮೇಲೆಯೇ ಮಾಡಿದರು. ಸ್ಥಳ ಸಾಲದೆ ಬಂದವರೆಲ್ಲ ಪೊದೆಗಳೊಳಗೆ ನಿಂತರು.

ನಾನು ನಿವೃತ್ತಳಾಗುವ ಹೊತ್ತಿಗೆ ಅಲ್ಲಿ ಬೆಳಿಗ್ಗೆ ಯೋಗ, ಸಂಜೆ ನಗೆಕೂಟ. ಗೇಟಿನ ಕೀಲಿ ಎಲ್ಲಿ ಹೋಯಿತೋ ಯಾರೂ ಹುಡುಕಲಿಲ್ಲ. ನನ್ನ ಬೀಳ್ಕೊಡುಗೆಗೂ ಶಾಲು ಹೊದಿಸಿದರು. ಸ್ವಲ್ಪ ದಿನ ಬಿಟ್ಟು ಪಾಟೀಲರ ಫೋನ್ ಬಂತು. ಅವರೂ ಹಣ್ಣಾಗಿದ್ದರು, ದನಿ ನಡುಗುತ್ತಿತ್ತು.

"ಸುನಂದಾಬಾಯಿ, ಕಟ್ಟಿ ಮ್ಯಾಲ ಬರೇ ಹೆಸರೈತಿ. ಕೆಳಗ ಅಕ್ಕೋರು ಹೇಳತಿದ್ದ ಒಂದು ಮಾತು ಕೆತ್ತಸಬೇಕಂತ ಮಾಡೀವಿ. ನೀವು ಅವರಿಗೆ ಭಾಳ ಹತ್ತಿರ ಇದ್ರಿ. ಯಾವ ಮಾತು ಹೆಚ್ಚು ಹೇಳತಿದ್ರು?"

"ಒಳಗ ಬರಬ್ಯಾಡ್ರಿ ಅಂತಿದ್ರು. ಅದನ್ನ ಕೆತ್ತಸ್ರಿ" ಎಂದೆ.

ಪಾಟೀಲರು ನಕ್ಕರು. "ನಿಮ್ಮ ಚೇಷ್ಟೆ ಹೋಗಾಂಗಿಲ್ಲ ಬಿಡ್ರಿ." ಇಡುವ ಮುಂಚೆ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದರು, "ಅವತ್ತ ಅಕ್ಕೋರು ನನ್ನ ಮ್ಯಾಲ ಯಾಕ ಸಿಟ್ಟಾದ್ರು, ನಿಮಗೇನರೆ ಗೊತ್ತೈತೇನ್ರಿ?" ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದರು. ಎಷ್ಟೋ ಸಂಕ್ರಾಂತಿ ಆ ಮುಳ್ಳು ಹೊತ್ತು ಕೈ ಹರಿದುಕೊಂಡಿದ್ದ ಮನುಷ್ಯ. ಹೊತ್ತದ್ದು ಏಕೆಂದು ಅವರಿಗೆ ಒಂದು ದಿನವೂ ಹೊಳೆದಿರಲಿಲ್ಲ. ನಾನು ಫೋನ್ ಇಟ್ಟುಬಿಟ್ಟೆ.

ಈಗ ಆ ಹೊಸ ಹುಡುಗಿಯ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಮೊದಲ ದಿನವೇ ಅವಳನ್ನು ಟ್ರಸ್ಟಿಗಳು ನಡುಗಾಡಿಗೆ ಕರೆದೊಯ್ದು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರಂತೆ. "ಮೇಡಂ, ಅಲ್ಲಿ ಕಲ್ಲಿನ ಮೇಲೆ ಎಷ್ಟು ಚೆಂದದ ಮಾತು ಕೆತ್ತಿದ್ದಾರೆ! 'ಒಳಗೆ ಬನ್ನಿ, ಇದು ನಿಮ್ಮದೇ ಕಾಡು. ಕಮಲಾಬಾಯಿ ಅಕ್ಕೋರು.' ನನಗೆ ಕಣ್ಣಲ್ಲಿ ನೀರು ಬಂತು. ಇದನ್ನು ಅವರು ಯಾವಾಗ ಹೇಳಿದ್ದು?"

ಯಾವಾಗಲೂ ಇಲ್ಲ, ಮಗಳೇ. ಅಕ್ಕೋರು ಆ ಮಾತನ್ನು ಒಮ್ಮೆಯೂ ಹೇಳಿದವರಲ್ಲ.